ಎಲ್ಲ ಮಕ್ಕಳೂ ಅದೇ ಗುಡ್ಡ, ಅದೇ ಗುಡಿಸಲು ಬಿಡಿಸ್ತಾರೆ. ಏನು ಮಾಡಲಿ?

ಪ್ರಶ್ನೆ: ನಾನು ಗದಗ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಒಂದರಿಂದ ಐದನೇ ತರಗತಿವರೆಗೆ 43 ಮಕ್ಕಳು, ನಾವಿಬ್ಬರೇ ಶಿಕ್ಷಕರು. ಚಿತ್ರಕಲೆಗೆ ಬೇರೆ ಶಿಕ್ಷಕರಿಲ್ಲ. ಚಿತ್ರ ಬಿಡಿಸಿ ಅಂದರೆ ಎಲ್ಲರದ್ದೂ ಒಂದೇ: ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಗುಡಿಸಲು, ಪಕ್ಕಕ್ಕೆ ತೆಂಗಿನ ಮರ. ಗುಂಪಿನಲ್ಲಿ ಮಾಡಿಸಿದರೆ ಚೆನ್ನಾಗಿ ಬಿಡಿಸುವ ಒಬ್ಬ ಹುಡುಗನೇ ಎಲ್ಲ ಮುಗಿಸುತ್ತಾನೆ. ಉಳಿದವರು ಬಣ್ಣದ ಡಬ್ಬಿ ಹಿಡಿದು ನಿಲ್ಲುತ್ತಾರೆ. ಈಗ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ವರಾಂಡದ ಗೋಡೆಗೆ ಚಿತ್ರ ಬರೆಸಲು ದುಡ್ಡು ಕೂಡಿಸಿದ್ದಾರೆ. ಪೇಟೆಯಿಂದ ಪೇಂಟರ್ ಕರೆಸೋಣ ಅನ್ನುತ್ತಾರೆ. ಮಕ್ಕಳಿಂದಲೇ ಮಾಡಿಸಬೇಕು ಅಂತ ನನ್ನ ಆಸೆ, ಆದರೆ ಗೋಡೆ ಕೆಟ್ಟುಹೋದರೆ ಎಂಬ ಭಯವೂ ಇದೆ. ಮೊನ್ನೆ ಒಬ್ಬ ಪಾಲಕರು "ಓದ್ಸೂದು ಬಿಟ್ಟು ಬಣ್ಣ ಬಳ್ಸಾಕ ಹತ್ತೀರೇನ್ರಿ" ಎಂದು ಕೇಳಿದರು. ಸೃಜನಶೀಲತೆ ಹುಟ್ಟಿನಿಂದಲೇ ಬರಬೇಕಾ? ನನಗೇ ಚಿತ್ರ ಬಿಡಿಸಲು ಬರುವುದಿಲ್ಲ. ನಾನು ಇದನ್ನೆಲ್ಲ ಮಾಡಿಸಬಹುದಾ?

ಉತ್ತರ: ಮೇಡಂ, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಖಂಡಿತ ಮಾಡಿಸಬಹುದು. ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಕಲೆ, ನಾಟಕದ ತರಬೇತಿ ಕೊಡುವುದು ನನ್ನ ಕೆಲಸ. ಅಲ್ಲಿ ಹೆಚ್ಚಿನವರು ಬಂದ ಕೂಡಲೇ ಹೇಳುವ ಮಾತೇ ಇದು: "ನನಗೆ ಚಿತ್ರ ಬರಲ್ಲ ಸರ್." ನಿಜ ಹೇಳಬೇಕೆಂದರೆ, ಚೆನ್ನಾಗಿ ಬಿಡಿಸುವ ಶಿಕ್ಷಕರಿಗೇ ಇಲ್ಲಿ ಕಷ್ಟ ಜಾಸ್ತಿ. ಅವರು ಬೋರ್ಡಿನ ಮೇಲೆ ಚೆಂದದ ನವಿಲೊಂದನ್ನು ಬರೆದುಬಿಡುತ್ತಾರೆ. ಆಮೇಲೆ ಇಡೀ ತರಗತಿ ಅದೇ ನವಿಲನ್ನು ಕಾಪಿ ಮಾಡುತ್ತದೆ. ನಿಮಗೆ ಆ ಆಸೆ ಬರುವುದಿಲ್ಲವಲ್ಲ, ಅದು ಒಳ್ಳೆಯದೇ ಆಯಿತು.

ನೀವು ಹಲವು ಚಿಂತೆಗಳನ್ನು ಬರೆದಿದ್ದೀರಿ. ಒಂದೇ ಥರದ ಚಿತ್ರ, ಒಬ್ಬನೇ ಮಾಡುವ ಗುಂಪು ಕೆಲಸ, ಪೇಂಟರ್, ಪಾಲಕರ ಮಾತು. ಇವು ಬೇರೆ ಬೇರೆ ಕಂಡರೂ ಬುಡ ಒಂದೇ ಅಂತ ನನಗೆ ಅನಿಸುತ್ತದೆ. ನಾವು ಕೊಡುವ ಕೆಲಸದಲ್ಲಿ ಮಗು ತಾನೇ ಯೋಚಿಸಿ ತೀರ್ಮಾನಿಸಬೇಕಾದ್ದು ಏನು ಉಳಿದಿದೆ? ಯಾವ ಚಿತ್ರ, ಎಲ್ಲಿ, ಎಷ್ಟು ದೊಡ್ಡದು, ಯಾವ ಬಣ್ಣ, ಇದೆಲ್ಲ ಮೊದಲೇ ನಿಶ್ಚಯವಾಗಿದ್ದರೆ ಮಗುವಿಗೆ ಉಳಿಯುವುದು ಬಣ್ಣ ತುಂಬುವ ಕೂಲಿ ಮಾತ್ರ. ಅಲ್ಲಿ ಸೃಜನಶೀಲತೆ ಹುಡುಕಿದರೆ ಸಿಗುವುದಿಲ್ಲ. ಅದು ಹುಟ್ಟಿನಿಂದ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆ ಆಮೇಲಿನದು.

ಆ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಕೈಚಳಕ, ಕಣ್ಣಿನ ಚುರುಕು ಮಗುವಿನಿಂದ ಮಗುವಿಗೆ ಬೇರೆ ಇರುತ್ತದೆ, ಅದು ನಿಜ. ಆದರೆ "ಇವನು ಕಲಾವಿದ, ಅವಳಿಗೆ ಬರಲ್ಲ" ಎಂದು ಏಳನೇ ವಯಸ್ಸಿಗೇ ವಿಂಗಡಿಸಲು ಯಾವ ಆಧಾರವೂ ಇಲ್ಲ. ಬಲಮೆದುಳಿನ ಮಕ್ಕಳು, ಎಡಮೆದುಳಿನ ಮಕ್ಕಳು ಎಂದು ಕೆಲವು ತರಬೇತಿಗಳಲ್ಲಿ ಹೇಳುತ್ತಾರೆ. ಅದನ್ನು ನಂಬಬೇಡಿ. ಚಿತ್ರ ಬಿಡಿಸುವಾಗಲೂ ಲೆಕ್ಕ ಮಾಡುವಾಗಲೂ ಮೆದುಳಿನ ಎರಡೂ ಭಾಗ ಕೆಲಸ ಮಾಡುತ್ತವೆ.

ಇನ್ನು ಆ ಗುಡ್ಡ, ಗುಡಿಸಲಿನ ವಿಚಾರ. ಆರರಿಂದ ಒಂಬತ್ತು ವರ್ಷದ ಮಕ್ಕಳು ಪ್ರತಿಯೊಂದಕ್ಕೂ ಒಂದು ಗುರುತು ಮಾಡಿಕೊಂಡು ಅದನ್ನೇ ಮತ್ತೆ ಮತ್ತೆ ಬಿಡಿಸುತ್ತಾರೆ. ಮನುಷ್ಯ ಅಂದರೆ ಹೀಗೆ, ಮರ ಅಂದರೆ ಹೀಗೆ. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಮಾಡಿದ ವಿಕ್ಟರ್ ಲೋವನ್‌ಫೆಲ್ಡ್ 1940ರ ದಶಕದಲ್ಲೇ ಈ ಹಂತಗಳನ್ನು ವಿವರವಾಗಿ ಬರೆದಿದ್ದಾರೆ. ಹಾಗಾಗಿ ಒಂದು ಮಗು ತನ್ನದೇ ಮನೆಯನ್ನು ಹತ್ತು ಸಲ ಒಂದೇ ಥರ ಬಿಡಿಸಿದರೆ ಅದು ಬೆಳವಣಿಗೆಯ ಭಾಗ. ಗಾಬರಿ ಬೇಡ. ನಿಮ್ಮ ಮಕ್ಕಳ ವಿಷಯ ಹಾಗಲ್ಲ. ಆ ಗುಡ್ಡ ಯಾವ ಮಗುವಿನದ್ದೂ ಅಲ್ಲ. ಅಣ್ಣನಿಂದ, ಪಕ್ಕದವನಿಂದ, ಡ್ರಾಯಿಂಗ್ ಪುಸ್ತಕದಿಂದ ಬಂದ ಎರವಲು ಚಿತ್ರ ಅದು. ಗದಗದ ಮಕ್ಕಳಿಗೆ ನಿಜವಾಗಿಯೂ ಗುಡ್ಡವಿದೆ, ಕಪ್ಪತಗುಡ್ಡ. ಅದರ ಮೇಲೆ ಸಾಲಾಗಿ ಗಾಳಿಯಂತ್ರಗಳು ತಿರುಗುತ್ತಿವೆ. ನಿಮ್ಮ ಮಕ್ಕಳ ಚಿತ್ರದಲ್ಲಿ ಒಂದಾದರೂ ಗಾಳಿಯಂತ್ರ ಬಂದಿದೆಯಾ? ತೆಂಗಿನ ಮರದ ಬದಲು ಜಾಲಿ, ಬೇವು ಬಂದಿದೆಯಾ?

ಇದಕ್ಕೆ ಕಾರಣ ಮಕ್ಕಳಲ್ಲ, ನಾವು ಕೇಳುವ ರೀತಿ. "ಒಂದು ಚಿತ್ರ ಬಿಡಿಸಿ", "ಹಳ್ಳಿಯ ಚಿತ್ರ ಬಿಡಿಸಿ" ಎಂದರೆ ಮಗುವಿಗೆ ಯೋಚಿಸಲು ಏನೂ ಸಿಗುವುದಿಲ್ಲ. ತಪ್ಪಾಗದ ಚಿತ್ರ ಯಾವುದೋ ಅದನ್ನು ಬಿಡಿಸುತ್ತದೆ. ಕೇಳುವ ಮಾತನ್ನು ಬದಲಿಸಿ ನೋಡಿ. "ನಿನ್ನೆ ಮನೆಗೆ ಹೋಗೋವಾಗ ದಾರಿಯಲ್ಲಿ ಸಿಕ್ಕ ಒಂದು ಪ್ರಾಣಿ ಏನು ಮಾಡ್ತಿತ್ತು?" "ಸಂತೆಯಲ್ಲಿ ನಿಮ್ಮ ಅವ್ವ ಯಾರ ಹತ್ತಿರ ಚೌಕಾಸಿ ಮಾಡಿದಳು?" "ಮಳೆ ಬಂದಾಗ ನಿಮ್ಮ ಮನೆಯಲ್ಲಿ ಎಲ್ಲೆಲ್ಲಿ ಸೋರುತ್ತೆ?" ಇಂಥ ಪ್ರಶ್ನೆಗೆ ಒಂದೇ ಉತ್ತರ ಬರಲು ಸಾಧ್ಯವಿಲ್ಲ. ಪ್ರಶ್ನೆಯಲ್ಲಿ ಒಂದು ಕ್ರಿಯೆ ಇರಲಿ, ಮಗುವಿನ ಸ್ವಂತ ಅನುಭವ ಇರಲಿ. ಬಿಡಿಸುವ ಮೊದಲು ಹತ್ತು ನಿಮಿಷ ಮಾತಾಡಿಸಿ. ರಬ್ಬರ್ ತೆಗೆದಿಡಿ. ರಬ್ಬರ್ ಕೈಯಲ್ಲಿದ್ದರೆ ಅರ್ಧ ಪೀರಿಯಡ್ ಅಳಿಸುವುದರಲ್ಲೇ ಹೋಗುತ್ತದೆ.

ನಾಲ್ಕು, ಐದನೇ ತರಗತಿಗೆ ಬರುವಾಗ ಇನ್ನೊಂದು ತೊಂದರೆ ಶುರುವಾಗುತ್ತದೆ. ಒಂಬತ್ತು, ಹತ್ತು ವರ್ಷಕ್ಕೆ ಮಕ್ಕಳು ತಮ್ಮ ಚಿತ್ರವನ್ನು ನಿಜದ ವಸ್ತುವಿನ ಜೊತೆ, ಪಕ್ಕದವರ ಚಿತ್ರದ ಜೊತೆ ಹೋಲಿಸಿ ನೋಡುತ್ತಾರೆ. "ಅಕ್ಕೋರ, ನನಗ ಬರಂಗಿಲ್ರಿ" ಎಂದು ಹಾಳೆ ಮುಚ್ಚಿಕೊಳ್ಳುವುದು ಆಗಲೇ. ಆ ಹೊತ್ತಿಗೆ ಪೆನ್ಸಿಲ್ಲೊಂದೇ ದಾರಿಯಾಗಿದ್ದರೆ ಎಷ್ಟೋ ಮಕ್ಕಳು ಕಲೆಯನ್ನೇ ಬಿಟ್ಟುಬಿಡುತ್ತಾರೆ. ಅವರ ಕೈಗೆ ಎರೆಮಣ್ಣು ಕೊಡಿ, ಹಳೆ ಬಟ್ಟೆ ಕೊಡಿ, ಹರಿದ ಪತ್ರಿಕೆ ಕೊಡಿ. ನಿಮ್ಮ ಕಡೆ ಮಣ್ಣೆತ್ತಿನ ಅಮಾವಾಸ್ಯೆಗೆ ಮನೆಮನೆಯಲ್ಲಿ ಎತ್ತು ಮಾಡುತ್ತಾರಲ್ಲ, ಶಾಲೆ ಶುರುವಾದ ಕೆಲವೇ ವಾರಕ್ಕೆ ಬರುವ ಹಬ್ಬ ಅದು. ಚಿತ್ರ ಬರಲ್ಲ ಎನ್ನುವ ಹುಡುಗ ಎತ್ತಿನ ಹಿಣಿಲು, ಅಂದರೆ ಬೆನ್ನ ಮೇಲಿನ ಡುಬ್ಬ, ಎಷ್ಟು ಸರಿಯಾಗಿ ಮಾಡುತ್ತಾನೆ ನೋಡಿ. ವರ್ಷದ ಮೊದಲ ಕಲಾ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಈಗ ಗುಂಪಿನ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಇದೇ. ಬಣ್ಣದ ಡಬ್ಬಿ ಹಿಡಿದು ನಿಂತ ಮಕ್ಕಳನ್ನು ನಾನೂ ಎಷ್ಟೋ ಶಾಲೆಗಳಲ್ಲಿ ನೋಡಿದ್ದೇನೆ. ಅವರು ಸೋಮಾರಿಗಳಲ್ಲ. ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗಲ್‌ಮನ್ ಹಗ್ಗ ಎಳೆಸಿ ನೋಡಿ, 1913ರಲ್ಲಿ ಒಂದು ಸಂಗತಿ ಪ್ರಕಟಿಸಿದ. ಎಳೆಯುವ ಜನ ಹೆಚ್ಚಿದಂತೆ ಒಬ್ಬೊಬ್ಬರು ಹಾಕುವ ಬಲ ಕಡಿಮೆಯಾಗುತ್ತಿತ್ತು. ದೊಡ್ಡವರದ್ದೇ ಹೀಗಾದರೆ ಮಕ್ಕಳದ್ದು ಕೇಳಬೇಕಾ? ಒಂದು ಡ್ರಾಯಿಂಗ್ ಶೀಟಿಗೆ ಎಂಟು ಮಕ್ಕಳನ್ನು ಕೂರಿಸಿದರೆ ಆರು ಮಕ್ಕಳಿಗೆ ನಿಜವಾಗಿಯೂ ಕೆಲಸ ಇರುವುದಿಲ್ಲ. ಗುಂಪಿಗೆ ನಾಲ್ಕು, ಹೆಚ್ಚೆಂದರೆ ಐದು ಮಕ್ಕಳು ಸಾಕು.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಒಟ್ಟಿಗೆ ಕೂರಿಸಿದರೆ ಸಾಕು, ಐಡಿಯಾಗಳು ತಾವಾಗಿ ಬರುತ್ತವೆ ಎನ್ನುವುದು. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಇದನ್ನು ಪರೀಕ್ಷಿಸಿದರು. ನಾಲ್ಕು ಜನ ಒಟ್ಟಿಗೆ ಕೂತು ಯೋಚಿಸಿದ್ದಕ್ಕಿಂತ, ನಾಲ್ವರು ಬೇರೆ ಬೇರೆ ಯೋಚಿಸಿ ಆಮೇಲೆ ಕೂಡಿಸಿದಾಗ ಐಡಿಯಾ ಜಾಸ್ತಿ ಬಂದವು. ಅವರು ಕಾಲೇಜು ವಿದ್ಯಾರ್ಥಿಗಳು, ಆದರೆ ನಮ್ಮ ತರಗತಿಗಳಲ್ಲೂ ನಾನು ಕಂಡಿದ್ದು ಇದನ್ನೇ. ಜೋರು ದನಿಯವನು ಮೊದಲು ಮಾತಾಡುತ್ತಾನೆ, ಉಳಿದವರ ತಲೆಯಲ್ಲಿದ್ದದ್ದು ಅಲ್ಲೇ ಉಳಿಯುತ್ತದೆ. ಆದ್ದರಿಂದ ಮೊದಲು ಒಬ್ಬೊಬ್ಬರೇ ಚಿಕ್ಕ ಹಾಳೆಯಲ್ಲಿ ಮಾಡಲಿ. ಆಮೇಲೆ ಗುಂಪು ಸೇರಲಿ. ಪ್ರತಿ ಮಗುವೂ ಏನಾದರೊಂದನ್ನು ಕೈಯಲ್ಲಿ ಹಿಡಿದೇ ಗುಂಪಿಗೆ ಬರಬೇಕು.

ನಿಮ್ಮ ಕಡೆಯ ಹೆಂಗಸರು ಕೌದಿ ಹೊಲಿಯುವ ರೀತಿಯನ್ನೇ ಒಂದು ಯೋಜನೆ ಮಾಡಿ. ಹಳೆ ಸೀರೆ, ಧೋತರ, ಕುಬಸದ ತುಂಡು, ಒಂದೊಂದಕ್ಕೂ ಒಂದೊಂದು ಬಣ್ಣ, ಆದರೆ ಒಂದೇ ಹೊದಿಕೆ. 43 ಮಕ್ಕಳಿಗೆ 43 ಚೌಕದ ಹಾಳೆ ಕೊಡಿ, ಒಂದಡಿ ಉದ್ದ, ಒಂದಡಿ ಅಗಲ. ವಿಷಯ: ನಮ್ಮೂರಿನ ದಾರಿಗಳು. ನಿಯಮ ಒಂದೇ. ದಾರಿ ಚೌಕದ ನಾಲ್ಕೂ ಅಂಚಿನ ನಡುಮಧ್ಯದಲ್ಲಿ ಬಂದು ಸೇರಬೇಕು. ಒಳಗೆ ಅದು ಹೇಗೆ ಬೇಕಾದರೂ ತಿರುಗಲಿ, ಅದರ ಪಕ್ಕ ಏನಿದೆ ಎಂಬುದು ಆ ಮಗುವಿನ ಇಷ್ಟ. ಚೌಕಗಳನ್ನು ಜೋಡಿಸಿದಾಗ ದಾರಿಗಳು ಕೂಡಿಕೊಳ್ಳುತ್ತವೆ, ಇಡೀ ಊರು ಕಾಣುತ್ತದೆ. ಒಂದು ಚೌಕ ಇಲ್ಲದಿದ್ದರೆ ಅಲ್ಲಿ ದಾರಿ ನಿಂತುಹೋಗುತ್ತದೆ, ಹಾಗಾಗಿ ಯಾರೂ ಹೆಚ್ಚುವರಿಯಲ್ಲ.

ಇಲ್ಲಿಗೇ ನಿಲ್ಲಿಸಬೇಡಿ. ನಿಜವಾದ ಸಹಕಾರ ಶುರುವಾಗುವುದು ಜೋಡಿಸುವಾಗ. "ನನ್ನ ಕೆರೆ ನಿನ್ನ ಚೌಕಕ್ಕೂ ಬರಬೇಕಲ್ಲ", "ನಿನ್ನ ಎಮ್ಮೆ ನನ್ನ ಮನೆಗಿಂತ ದೊಡ್ಡದಿದೆ", ಇಂಥ ತಕರಾರು ಏಳುತ್ತವೆ. ಏಳಲಿ. ನೀವು ತೀರ್ಪು ಕೊಡಬೇಡಿ. ಇಬ್ಬರೂ ಕೂತು ಏನು ಮಾಡೋಣ ಅಂತ ಮಾತಾಡಲಿ, ಬೇಕಿದ್ದರೆ ಎರಡು ಚೌಕವನ್ನೂ ಹೊಸದಾಗಿ ಮಾಡಲಿ. ನಾಲ್ಕು, ಐದನೆಯವರು ಇದನ್ನು ಚೆನ್ನಾಗಿ ಮಾಡುತ್ತಾರೆ. ಒಂದು, ಎರಡನೆಯವರಿಗೆ ಅಷ್ಟು ಮಾತುಕತೆ ಆಗುವುದಿಲ್ಲ. ಅವರು ಪಕ್ಕಪಕ್ಕದಲ್ಲಿ ಕೂತು ತಮ್ಮ ತಮ್ಮದು ಮಾಡಿದರೆ ಆ ವಯಸ್ಸಿಗೆ ಅದೇ ಸಹಕಾರ. ಮುಂದಿನ ವರ್ಷ ಇದನ್ನೇ ಬಟ್ಟೆಯಲ್ಲಿ ಮಾಡಿಸಿ, ಹೊಲಿಯಲು ಊರಿನ ಅಜ್ಜಿಯರನ್ನು ಕರೆಯಿರಿ. ಅವರು ಶಾಲೆಯೊಳಗೆ ಗುರುಗಳಾಗಿ ಬರುವುದನ್ನು ಮಕ್ಕಳು ನೋಡಬೇಕು.

ಚೆನ್ನಾಗಿ ಬಿಡಿಸುವ ಆ ಹುಡುಗನ ಬಗ್ಗೆ ಒಂದು ಮಾತು. "ನೀನು ಉಳಿದವರಿಗೆ ಹೆಲ್ಪ್ ಮಾಡು" ಎನ್ನಬೇಡಿ. ಅವನು ಒಳ್ಳೆಯ ಮನಸ್ಸಿನಿಂದಲೇ ಪಕ್ಕದವಳ ಕುದುರೆಯನ್ನು ತಿದ್ದುತ್ತಾನೆ, ಆಮೇಲೆ ಅದು ಅವಳ ಕುದುರೆಯಾಗಿ ಉಳಿಯುವುದಿಲ್ಲ. ತರಗತಿಗೆಲ್ಲ ಒಂದು ನಿಯಮ ಮಾಡಿ: ಕೇಳದೆ ಇನ್ನೊಬ್ಬರ ಚಿತ್ರದ ಮೇಲೆ ಕೈ ಹಾಕಬಾರದು. ಈ ನಿಯಮ ನಮಗೂ ಅನ್ವಯಿಸುತ್ತದೆ. ಮತ್ತೆ ಅವನಿಗೂ ಹೊಸದೊಂದು ಬೇಕು. ಅವನಿಗೆ ಗೊತ್ತಿರುವ ಪೆನ್ಸಿಲ್ ಬಿಟ್ಟು ಬೇರೆ ಸಾಮಾನು ಕೊಡಿ.

ಯಾರು ಯಾವ ಕೆಲಸ ಮಾಡುತ್ತಿದ್ದಾರೆ ಎಂದೂ ಗಮನಿಸಿ. ಹುಡುಗರು ಸ್ಟೂಲ್ ಹತ್ತಿ ಬರೆಯುತ್ತಾರೆ, ಹುಡುಗಿಯರು ಅಂಚು ತುಂಬಿ ಕೊನೆಗೆ ನೆಲ ಒರೆಸುತ್ತಾರೆ. ಯಾರ ಪಕ್ಕ ಯಾರು ಕೂರುತ್ತಾರೆ, ಕಲಸಿದ ಮಣ್ಣನ್ನು ಯಾರು ಯಾರ ಕೈಯಿಂದ ತೆಗೆದುಕೊಳ್ಳುತ್ತಾರೆ ಎಂಬುದರಲ್ಲಿ ಊರಿನ ಜಾತಿಯೂ ಸುಮ್ನೆ ಒಳಗೆ ಬಂದು ಕೂತಿರುತ್ತದೆ. ಇದರ ಬಗ್ಗೆ ಭಾಷಣ ಬೇಡ. ಚೀಟಿ ಎತ್ತಿ ಗುಂಪು ಮಾಡಿ, ಕೆಲಸ ಪ್ರತಿ ವಾರ ಬದಲಾಗಲಿ, ತೊಳೆಯುವ ಪಾಳಿ ಎಲ್ಲರಿಗೂ ಬರಲಿ. ಬಹಳ ಮಾತಿನಿಂದ ಆಗದ್ದು ಇಷ್ಟರಿಂದ ಆಗಿದ್ದನ್ನು ನಾನು ನೋಡಿದ್ದೇನೆ. ಕೆಲವು ಮನೆಯವರು ಆಕ್ಷೇಪಿಸಬಹುದು. ಹಾಗಾಗಿ ಮುಖ್ಯ ಶಿಕ್ಷಕರ ಜೊತೆ ಮೊದಲೇ ಮಾತಾಡಿಕೊಂಡಿರಿ.

ಬಹುಮಾನದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. 1973ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರವೊಂದರಲ್ಲಿ, ಚಿತ್ರ ಬಿಡಿಸಲು ಇಷ್ಟವಿದ್ದ ಮೂರರಿಂದ ಐದು ವರ್ಷದ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ಕೆಲವರಿಗೆ "ಬಿಡಿಸಿದರೆ ಸರ್ಟಿಫಿಕೇಟ್ ಕೊಡ್ತೀವಿ" ಎಂದು ಮೊದಲೇ ಹೇಳಿ ಕೊಟ್ಟರು. ಒಂದೆರಡು ವಾರದ ನಂತರ ಸುಮ್ಮನೆ ಬಣ್ಣದ ಪೆನ್ನುಗಳನ್ನು ಮುಂದಿಟ್ಟಾಗ, ಆ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಹೇಳದೆ ಕೊನೆಗೆ ಅಚಾನಕ್ಕಾಗಿ ಸರ್ಟಿಫಿಕೇಟ್ ಪಡೆದವರ ಆಸಕ್ತಿ ಕುಗ್ಗಲಿಲ್ಲ. ಇದನ್ನು ಓದಿ ಶಾಲಾ ಮಕ್ಕಳ ಪ್ರತಿಭಾ ಕಾರಂಜಿ ಸ್ಪರ್ಧೆ ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಹಳ್ಳಿಯ ಮಗುವಿಗೆ ಕ್ಲಸ್ಟರ್, ತಾಲ್ಲೂಕು ಮಟ್ಟದ ವೇದಿಕೆ ಸಿಗುವುದು ದೊಡ್ಡ ವಿಷಯ. ಆದರೆ ಇಬ್ಬರನ್ನು ಸ್ಪರ್ಧೆಗೆ ತಯಾರು ಮಾಡುವ ಭರದಲ್ಲಿ 41 ಮಕ್ಕಳ ಕಲಾ ಪೀರಿಯಡ್ ಹೋಗಬಾರದು. ಸ್ಪರ್ಧೆಯ ತಯಾರಿ ಬೇರೆ ಹೊತ್ತಿನಲ್ಲಿ ನಡೆಯಲಿ. ತರಗತಿಯ ಕೆಲಸಕ್ಕೆ ಮಾತ್ರ ಮೊದಲನೇ, ಎರಡನೇ ಸ್ಥಾನ ಬೇಡ. "ಚೆಂದ ಐತಿ" ಎನ್ನುವ ಬದಲು "ಈ ನಾಯಿ ಯಾಕೆ ಒಂದು ಕಡೆ ವಾಲಿದೆ?" ಎಂದು ಕೇಳಿ. ಮಗು ಮಾತಾಡಲು ಶುರು ಮಾಡುತ್ತದೆ.

ಪಾಲಕರ ಪ್ರಶ್ನೆಯನ್ನು ಹಗುರವಾಗಿ ತಳ್ಳಬೇಡಿ. ಕಷ್ಟಪಟ್ಟು ದುಡಿದು ಮಗು ಓದಲಿ ಅಂತ ಕಳಿಸಿದವರ ಚಿಂತೆ ಅದು, ನ್ಯಾಯವಾದದ್ದೇ. ಆದರೆ ಅವರಿಗೆ ಸುಳ್ಳು ಭರವಸೆಯನ್ನೂ ಕೊಡಬೇಡಿ. ಚಿತ್ರ ಬಿಡಿಸಿದರೆ ಗಣಿತ ಚೆನ್ನಾಗಿ ಬರುತ್ತದೆ, ಸಂಗೀತ ಕೇಳಿಸಿದರೆ ಬುದ್ಧಿ ಚುರುಕಾಗುತ್ತದೆ ಎಂದು ಬಹಳ ಜನ ಹೇಳುತ್ತಾರೆ. ಮೊಜಾರ್ಟ್ ಸಂಗೀತದ ಕಥೆ ಹುಟ್ಟಿದ್ದು 1993ರ ಒಂದು ಪ್ರಯೋಗದಿಂದ. ಅದರಲ್ಲಿದ್ದವರು ಮಕ್ಕಳೇ ಅಲ್ಲ, ಕಾಲೇಜು ವಿದ್ಯಾರ್ಥಿಗಳು. ಪರಿಣಾಮ ಇದ್ದದ್ದು ಕೆಲವೇ ನಿಮಿಷ. ಎಲೆನ್ ವಿನ್ನರ್ ಮತ್ತು ಲೋಯಿಸ್ ಹೆಟ್‌ಲ್ಯಾಂಡ್ ಎಂಬ ಸಂಶೋಧಕರು 2000ನೇ ಇಸವಿಯಲ್ಲಿ ಹತ್ತಾರು ವರ್ಷಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಚಿತ್ರಕಲೆಯಿಂದ ಬೇರೆ ವಿಷಯದ ಅಂಕ ಏರುತ್ತದೆ ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ಆದರೆ ತರಗತಿಯ ನಾಟಕದಿಂದ ಭಾಷೆಯ ಕೌಶಲ ಬೆಳೆಯುತ್ತದೆ ಎನ್ನಲು ಪುರಾವೆ ಸಿಕ್ಕಿತು.

ಇದು ನಿಮಗೆ ಉಪಯೋಗಕ್ಕೆ ಬರುವ ಮಾತು. ಕನ್ನಡ ಪಾಠದ ಒಂದು ಕಥೆಯನ್ನು ನೆರಳು ಗೊಂಬೆಯಾಟ ಮಾಡಿ. ರಟ್ಟು ಕತ್ತರಿಸಿದ ಗೊಂಬೆ, ಒಂದು ಬಿಳಿ ಧೋತರ, ಹಿಂದೆ ಒಂದು ಟಾರ್ಚ್. ಒಬ್ಬರು ಬೆಳಕು, ಒಬ್ಬರು ಗೊಂಬೆ, ಇಬ್ಬರು ದನಿ, ಒಬ್ಬರು ಮಳೆ-ಗುಡುಗಿನ ಸದ್ದು. ಒಬ್ಬನೇ ಮುಗಿಸಲು ಸಾಧ್ಯವೇ ಇಲ್ಲದ ಕೆಲಸ ಇದು. ಸಂಭಾಷಣೆ ಮಕ್ಕಳೇ ಬರೆಯಲಿ, ಮನೆಯ ಮಾತಿನಲ್ಲೇ ಬರೆಯಲಿ. ಆ ಪಾಲಕರನ್ನು ಆಟ ನೋಡಲು ಕರೆದು, ಮಗಳು ಬರೆದ ಹಾಳೆಯನ್ನು ಕೈಗೆ ಕೊಡಿ. ಓದಿಸುವುದೂ ಇದರಲ್ಲೇ ಇದೆ ಎಂದು ಅವರೇ ನೋಡಲಿ. ಚಿತ್ರ, ಮಣ್ಣಿನ ಕೆಲಸಕ್ಕೆ ಮಾತ್ರ ಬೇರೆ ವಿಷಯದ ನೆಪ ಬೇಡ. ಮಗು ಮಗುವಾಗಿ ಬೆಳೆಯಲು ಅದು ಬೇಕು, ಅಷ್ಟು ಸಾಕು ಅಂತ ನಾನು ನಂಬಿದ್ದೇನೆ. ಮೇಲಿನವರು ಕೇಳಿದರೆ, 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಯನ್ನು ಹತ್ತನೇ ತರಗತಿವರೆಗೆ ಒಂದು ವಿಷಯವಾಗಿ ಕಲಿಸಬೇಕು ಎಂದಿದೆ, 2020ರ ಶಿಕ್ಷಣ ನೀತಿ ಪಾಠದ ಜೊತೆ ಕಲೆ ಸೇರಿಸಿ ಎಂದಿದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ, ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲೂ ಹಾಡು, ಆಟ, ಚಿತ್ರ ಪಾಠದ ಒಳಗೇ ಇವೆ. ಸಮಯಕ್ಕೆ ವಾರದಲ್ಲಿ ಎರಡು ಪೀರಿಯಡ್ ಒಟ್ಟಿಗೆ ಸೇರಿಸಿಕೊಳ್ಳಿ, ಬ್ಯಾಗ್ ರಹಿತ ಶನಿವಾರವನ್ನೂ ಬಳಸಿಕೊಳ್ಳಿ. ನಲವತ್ತು ನಿಮಿಷದಲ್ಲಿ ಸಾಮಾನು ಹೊರಗೆ ತೆಗೆಯುವುದಷ್ಟೇ ಆಗುತ್ತದೆ.

ಕೊನೆಗೆ ಗೋಡೆ. ಪೂರ್ತಿ ಪೇಂಟರ್‌ಗೆ ಕೊಟ್ಟರೆ ನೀಟಾಗಿ, ಬೇಗ ಮುಗಿಯುತ್ತದೆ. ಅಕ್ಷರಮಾಲೆ, ನಕಾಶೆ ಬೇಕಿದ್ದರೆ ಅದೇ ಸರಿ. ಆದರೆ ಮಕ್ಕಳು ಅಲ್ಲಿ ನೋಡುವವರು ಮಾತ್ರ. ಮಕ್ಕಳ ಚಿತ್ರವನ್ನು ಪೇಂಟರ್ ದೊಡ್ಡದು ಮಾಡಿ ಬರೆಯುವುದು ನಡುವಿನ ದಾರಿ. ಇದರಲ್ಲಿರುವ ಅಪಾಯ ಅವರು ತಿದ್ದುವುದು. ಆರು ಬೆರಳಿನ ಅಜ್ಜನಿಗೆ ಐದು ಬೆರಳಾಗುತ್ತದೆ, ನೀಲಿ ಎಮ್ಮೆ ಕಪ್ಪಾಗುತ್ತದೆ. ತಿದ್ದಬಾರದು ಎಂದು ಮೊದಲೇ ಮಾತಾಗಬೇಕು. ಪೂರ್ತಿ ಮಕ್ಕಳೇ ಮಾಡುವುದಾದರೆ ಅದು ಅವರದೇ ಗೋಡೆಯಾಗುತ್ತದೆ, ಆದರೆ ಇಬ್ಬರು ಶಿಕ್ಷಕರು 43 ಮಕ್ಕಳನ್ನು ಬಣ್ಣದ ಜೊತೆ ಸಂಭಾಳಿಸುವುದು ಕಷ್ಟ. ಮೇಲಿನ ಭಾಗಕ್ಕೆ ಏಣಿ ಬೇಕಾಗುತ್ತದೆ, ಮಕ್ಕಳನ್ನು ಏಣಿ ಹತ್ತಿಸಲೇಬಾರದು.

ನಿಮಗೆ ನನ್ನ ಸಲಹೆ ಇದು. ಮೊದಲು ಕಾಗದದ ಚೌಕಗಳ ಊರು ಮಾಡಿ ಮುಗಿಸಿ. ಅದನ್ನು ಎಸ್‌ಡಿಎಂಸಿ ಸಭೆಯಲ್ಲಿ ಹರಡಿ ತೋರಿಸಿ, ಆಮೇಲೆ ಗೋಡೆಯ ಮಾತೆತ್ತಿ. ಗೋಡೆಯ ಮೇಲ್ಭಾಗ ಪೇಂಟರ್‌ಗೆ, ನೆಲದಿಂದ ಮಕ್ಕಳ ಕೈಗೆಟುಕುವ ಮೂರಡಿ ಮಕ್ಕಳಿಗೆ. ಒಂದು ಹೊತ್ತಿಗೆ ಐದೇ ಮಕ್ಕಳು ಗೋಡೆಯ ಹತ್ತಿರ, ಉಳಿದವರು ಇನ್ನೊಬ್ಬ ಶಿಕ್ಷಕರ ಬಳಿ. ಚಿಕ್ಕ ಚಿತ್ರವನ್ನು ದೊಡ್ಡದು ಮಾಡಲು ಹಾಳೆಯ ಮೇಲೂ ಗೋಡೆಯ ಮೇಲೂ ಚೌಕ ಹಾಕಿಕೊಂಡು ಬರೆಯುವ ವಿಧಾನವನ್ನು ಪೇಂಟರ್ ಐದನೆಯವರಿಗೆ ಹೇಳಿಕೊಡಲಿ. ಕೆಟ್ಟುಹೋದರೆ ಎಂದಿರಲ್ಲ, ಕೆಲವು ಕಡೆ ಬಣ್ಣ ಇಳಿಯುತ್ತದೆ, ಕೆಲವು ಮುಖ ಕೆಡುತ್ತದೆ. ಎರಡು ವರ್ಷದ ಮೇಲೆ ಬಿಳಿ ಬಣ್ಣ ಹೊಡೆದು ಮುಂದಿನ ಮಕ್ಕಳಿಗೆ ಕೊಡುವುದು ಎಂದು ಈಗಲೇ ಸಭೆಯಲ್ಲಿ ಒಪ್ಪಿಸಿಕೊಳ್ಳಿ. ಆಗ ಭಯ ಅರ್ಧ ಕಡಿಮೆಯಾಗುತ್ತದೆ.

ಬಣ್ಣ ಕೊಳ್ಳುವಾಗ ನೀವೇ ಜೊತೆಗೆ ಹೋಗಿ. ಮಕ್ಕಳ ಕೈಗೆ ನೀರಿನಲ್ಲಿ ಕಲಸುವ ಎಮಲ್ಷನ್ ಮಾತ್ರ. ಎಣ್ಣೆಯ ಎನಾಮಲ್, ಟರ್ಪೆಂಟೈನ್ ಬೇಡ. ಹಸಿ ಸುಣ್ಣವೂ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತದೆ. 2017ರ ನವೆಂಬರ್‌ನಿಂದ ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದು ಎಂಬ ನಿಯಮ ಜಾರಿಯಲ್ಲಿದೆ. ಡಬ್ಬಿಯ ಮೇಲೆ ಆ ಬರಹ ಇದೆಯಾ ನೋಡಿ, ಇಲ್ಲದಿದ್ದರೆ ಕೊಳ್ಳಬೇಡಿ. ಗೋಡೆಯ ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಅದನ್ನು ಕೆರೆಯುವ ಕೆಲಸ ರಜೆಯಲ್ಲಿ, ಮಕ್ಕಳಿಲ್ಲದಾಗ ಆಗಲಿ, ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಲಿ. ಕೆಮ್ಮಣ್ಣು, ಇದ್ದಿಲನ್ನು ಜಾಲಿಯ ಅಂಟಿನಲ್ಲಿ ಕಲಸಿಯೂ ಒಳಗಿನ ಗೋಡೆಗೆ ಬಳಸಬಹುದು. ಅರಿಶಿನ ಮಾತ್ರ ಬಿಸಿಲಿಗೆ ನಿಲ್ಲುವುದಿಲ್ಲ, ಸುಣ್ಣದ ಗೋಡೆಯ ಮೇಲೆ ಹಚ್ಚಿದರೆ ಕೆಂಪಾಗುತ್ತದೆ. ಅದನ್ನು ಮಕ್ಕಳಿಗೆ ಮೊದಲೇ ಹೇಳಬೇಡಿ, ಹಚ್ಚಿ ನೋಡಿ ಅವರೇ ಕಂಡುಕೊಳ್ಳಲಿ.